ಅಯಾನ್ ಕ್ರೊಮ್ಯಾಟೋಗ್ರಫಿ: ಬ್ಲ್ಯಾಂಕ್‌ನಲ್ಲೂ ಬರುವ, ಜಾಗ ಬದಲಿಸುವ ‘ಬ್ರೋಮೈಡ್’ ಪೀಕ್. ಯಾರಾದರೂ ನೋಡಿದ್ದೀರಾ?

ಬಯಲುಸೀಮೆ ಕೆಮಿಸ್ಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ನಾನು ಐಸಿ (ಅಯಾನ್ ಕ್ರೊಮ್ಯಾಟೋಗ್ರಫಿ) ನೋಡಿಕೊಳ್ಳುತ್ತೇನೆ. ನೀರಿನಲ್ಲಿ ಕರಗಿದ ಅಯಾನುಗಳು ಕಾಲಂ ಎಂಬ ನಳಿಕೆ ದಾಟಿ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ, ಒಂದೊಂದೂ ಗ್ರಾಫಿನಲ್ಲಿ ಒಂದು ಪೀಕ್ ಆಗಿ ಏಳುತ್ತದೆ. ನಮಗೆ ಬರುವುದು ಹೆಚ್ಚಾಗಿ ಪಾವಗಡ, ಮಧುಗಿರಿ ಕಡೆಯ ನೀರು. ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕ್, ಮನೆ ನಲ್ಲಿ, ಶುದ್ಧ ನೀರಿನ ಘಟಕ, ಎಲ್ಲವೂ ಇರುತ್ತವೆ. ಫ್ಲೋರೈಡ್ ಮತ್ತು ನೈಟ್ರೇಟ್ ಇವೆರಡೇ ನಮ್ಮ ದೊಡ್ಡ ಚಿಂತೆ.

ಈಗ ಒಂದು ಪೀಕ್ ನನ್ನ ನಿದ್ದೆ ಕೆಡಿಸಿದೆ.

ಮೊದಲು ನಮ್ಮ ಸೆಟಪ್ ಹೇಳಿಬಿಡುತ್ತೇನೆ. 150 ಮಿ.ಮೀ. ಆನಯಾನ್ ಕಾಲಂ, ಎಲುಯೆಂಟ್ (ಅಯಾನುಗಳನ್ನು ಕಾಲಂ ಮೂಲಕ ಸಾಗಿಸುವ ದ್ರಾವಣ) 3.2 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್ ಮತ್ತು 1.0 ಮಿಲಿಮೋಲಾರ್ ಬೈಕಾರ್ಬೊನೇಟ್, ಫ್ಲೋ ನಿಮಿಷಕ್ಕೆ 0.7 ಮಿ.ಲೀ. ಎಲುಯೆಂಟ್‌ನ ವಾಹಕತೆ ತಗ್ಗಿಸುವ ಸಪ್ರೆಸರ್‌ಗೆ ಸಲ್ಫ್ಯೂರಿಕ್ ಆಸಿಡ್. ಸ್ಯಾಂಪಲ್ ತುಂಬುವ ಲೂಪ್ 20 ಮೈಕ್ರೋಲೀಟರ್. ಆಟೋಸ್ಯಾಂಪ್ಲರ್ ಇಲ್ಲ, ಸಿರಿಂಜ್‌ನಲ್ಲಿ ಕೈಯಲ್ಲೇ ಇಂಜೆಕ್ಟ್ ಮಾಡುತ್ತೇವೆ. ರನ್ 18 ನಿಮಿಷ. ನಮ್ಮ ಕಡೆಯ ನೀರಿನಲ್ಲಿ ಕ್ಲೋರೈಡ್ ಜಾಸ್ತಿ, ಹಾಗಾಗಿ ಎಲ್ಲ ಸ್ಯಾಂಪಲ್ಲನ್ನೂ 5 ಪಟ್ಟು ಡೈಲ್ಯೂಟ್ ಮಾಡಿಯೇ ಹಾಕುವುದು.

ಸ್ಟ್ಯಾಂಡರ್ಡ್‌ನಲ್ಲಿ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಎಲ್ಲವೂ ಚೊಕ್ಕ. ಫ್ಲೋರೈಡ್ 3.9 ನಿಮಿಷಕ್ಕೆ, ಕ್ಲೋರೈಡ್ 5.8, ನೈಟ್ರೈಟ್ 6.9, ಬ್ರೋಮೈಡ್ 8.8, ನೈಟ್ರೇಟ್ 10.0, ಫಾಸ್ಫೇಟ್ 13.4, ಸಲ್ಫೇಟ್ 15.8. ಬ್ಯಾಕ್‌ಗ್ರೌಂಡ್ 16 ಮೈಕ್ರೋಸೀಮೆನ್ಸ್ ಆಸುಪಾಸು, ಅಲುಗಾಟವಿಲ್ಲ. ಪ್ರೆಶರ್ ಕೂಡ ಎಂದಿನಂತೆಯೇ.

ಸ್ಯಾಂಪಲ್ ಹಾಕಲು ಶುರು ಮಾಡಿದ ಮೇಲೆ 8.6 ನಿಮಿಷದ ಹತ್ತಿರ ಗುಡ್ಡದಂಥ ಒಂದು ಪೀಕ್ ಏಳುತ್ತದೆ. ಸಾಫ್ಟ್‌ವೇರ್ ಅದನ್ನು ಬ್ರೋಮೈಡ್ ಎಂದು ಗುರುತಿಸಿ 3 ಮಿ.ಗ್ರಾಂ ಎನ್ನುತ್ತದೆ. ಡೈಲ್ಯೂಶನ್ ಸೇರಿಸಿದರೆ ಲೀಟರಿಗೆ 15 ಮಿ.ಗ್ರಾಂ! ಆ ನೀರಿನ ಕ್ಲೋರೈಡ್ ಬರೀ 140. ಅನುಮಾನ ಬಂದು ಮಧ್ಯೆ ಬ್ಲ್ಯಾಂಕ್ (ಬರೀ ಶುದ್ಧ ನೀರು) ಹಾಕಿದೆ. ಆ ಬ್ಲ್ಯಾಂಕ್‌ನಲ್ಲೂ ಅದೇ ಗುಡ್ಡ, ಅಷ್ಟೇ ಎತ್ತರ. ಮತ್ತೊಂದು ಬ್ಲ್ಯಾಂಕ್ ಹಾಕಿದರೆ ಮಾಯ.

ಇಷ್ಟೇ ಆಗಿದ್ದರೆ ಬ್ರೋಮೈಡ್ ಜಾಗ ಖಾಲಿ ಬಿಟ್ಟು ರಿಪೋರ್ಟ್ ಕೊಡಬಹುದಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಬ್ರೋಮೈಡ್‌ಗೆ ಮಿತಿಯೂ ಇಲ್ಲ. ತೊಂದರೆ ಇರುವುದು ಅದು ಜಾಗ ಬದಲಿಸುವುದರಲ್ಲಿ. ಒಂದು ದಿನ 8.6, ಇನ್ನೊಂದು ದಿನ 9.5. 9.5ಕ್ಕೆ ಬಂದ ದಿನ ನೈಟ್ರೇಟ್ ಪೀಕಿನ ಬುಡಕ್ಕೇ ಸೇರಿಕೊಳ್ಳುತ್ತದೆ. ಒಂದು ಹಳ್ಳಿಯ ಕೊಳವೆಬಾವಿಯ ನೀರು ಒಮ್ಮೆ 38 ಕೊಟ್ಟಿತು, ಅದೇ ಬಾಟಲಿಯಿಂದ ಮತ್ತೆ ಹಾಕಿದರೆ 49. ನೈಟ್ರೇಟ್‌ಗೆ ಮಿತಿ 45, ಅದರಲ್ಲಿ ಸಡಿಲಿಕೆಯೇ ಇಲ್ಲ. 49 ಎಂದು ಬರೆದುಕೊಟ್ಟರೆ ಆ ಬಾವಿಯ ನೀರು ಕುಡಿಯಲು ಬೇಡ ಎಂದಂತೆ. ಆ ಊರಿನವರು ಬೇಸಿಗೆಯಲ್ಲಿ ಬೇರೆಲ್ಲಿಗೆ ಹೋಗಬೇಕು? 38 ಎಂದು ಬರೆದು, ನಿಜಕ್ಕೂ 49 ಇದ್ದರೆ ಬಾಟಲಿ ಹಾಲು ಕುಡಿಯುವ ಕೂಸುಗಳ ಗತಿ? ರಿಪೋರ್ಟ್ ತಡೆಹಿಡಿದಿದ್ದೇನೆ.

ಎಲುಯೆಂಟ್ ಹೊಸದು ಮಾಡಿ ಆಯಿತು. ಲೂಪ್ ತೊಳೆದು, ಸಿರಿಂಜ್ ಬದಲಿಸಿ, ಸಪ್ರೆಸರ್ ರೀಜನರೇಟ್ ಮಾಡಿ ಆಯಿತು. ಗಾರ್ಡ್ ಕಾಲಂ ತೆಗೆದು ನೋಡಿದ್ದೂ ಆಯಿತು. ಗುಡ್ಡ ಹಾಗೇ ಇದೆ.

ಇನ್ನೊಂದು ಚಿಕ್ಕ ಸಂಶಯವನ್ನೂ ಇಲ್ಲೇ ಕೇಳಿಬಿಡುತ್ತೇನೆ. ಕೆಲವು ಸ್ಯಾಂಪಲ್‌ಗಳಲ್ಲಿ ಫ್ಲೋರೈಡ್ ಐಸಿಯಲ್ಲಿ 1.8 ಬಂದರೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್‌ನಲ್ಲಿ 1.4 ಬರುತ್ತಿದೆ. ಫ್ಲೋರೈಡ್ ಪೀಕಿನ ಹಿಂಬದಿಯಲ್ಲಿ ಸಣ್ಣ ಭುಜ ಕಾಣುತ್ತದೆ. ಇದಕ್ಕೂ ಗುಡ್ಡಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.


ಮಲೆನಾಡು ಲ್ಯಾಬ್

ಮೇಡಂ, ಮೊದಲು ನಿಮ್ಮ ಸಣ್ಣ ಸಂಶಯದಿಂದಲೇ ಶುರು ಮಾಡುತ್ತೇನೆ, ಅದನ್ನು ನಾವೂ ಅನುಭವಿಸಿದ್ದೇವೆ.

ಕಾರ್ಬೊನೇಟ್ ಎಲುಯೆಂಟ್‌ನಲ್ಲಿ ಅಸಿಟೇಟ್ ಮತ್ತು ಫಾರ್ಮೇಟ್ ಫ್ಲೋರೈಡ್‌ನ ಬೆನ್ನಿಗೇ ಬರುತ್ತವೆ. ಅಸಿಟೇಟ್ ಅಂತೂ ಅಂಟಿಕೊಂಡೇ ಬರುತ್ತದೆ. ಕಡಿಮೆ ಮಟ್ಟದಲ್ಲಿದ್ದರೆ ಎರಡು ಪೀಕ್ ಅಂತ ಕಾಣುವುದೇ ಇಲ್ಲ, ಫ್ಲೋರೈಡ್ ಸ್ವಲ್ಪ ದಪ್ಪಗಾದ ಹಾಗೆ ಇರುತ್ತದೆ. ಎಲೆಕ್ಟ್ರೋಡ್‌ಗೆ ಅಸಿಟೇಟ್ ಲೆಕ್ಕಕ್ಕಿಲ್ಲ, ಅದಕ್ಕೇ ಅಲ್ಲಿ ಕಡಿಮೆ ಬರುತ್ತಿರುವುದು. ಎರಡಕ್ಕೂ ಜಗಳ ಬಿದ್ದಾಗ ಈ ವಿಷಯದಲ್ಲಿ ನಾನು ಎಲೆಕ್ಟ್ರೋಡ್ ಮಾತನ್ನೇ ನಂಬುತ್ತೇನೆ.

ಅಸಿಟೇಟ್ ಎಲ್ಲಿಂದ ಬರುತ್ತದೆ ಎಂದರೆ, ಬಿಸಿಲಲ್ಲಿ ದಿನಗಟ್ಟಲೆ ಇದ್ದ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಮಾಡಿಕೊಂಡಿರಬಹುದು. ಲ್ಯಾಬಿನ ಗಾಳಿಯಿಂದಲೂ ಬರಬಹುದು. ಇತ್ತೀಚೆಗೆ ಕಿಟಕಿಗೋ ಎಸಿಗೋ ಸಿಲಿಕೋನ್ ಸೀಲೆಂಟ್ ಹಾಕಿಸಿದ್ದೀರಾ? ವಿನೆಗರ್ ವಾಸನೆ ಬರುವ ಸೀಲೆಂಟ್ ಒಣಗುವಾಗ ಬಿಡುವುದು ಅಸಿಟಿಕ್ ಆಸಿಡ್ಡನ್ನೇ. ತೆರೆದಿಟ್ಟ ಶುದ್ಧ ನೀರು ಅದನ್ನು ಹೀರಿಕೊಳ್ಳುತ್ತದೆ. ಡೈಲ್ಯೂಶನ್‌ಗೆ ಬಳಸುವ ನೀರು ಎಲ್ಲಿಟ್ಟಿದ್ದೀರಿ ನೋಡಿ. ನಿಮ್ಮದು 5 ಪಟ್ಟು ಡೈಲ್ಯೂಶನ್, ಆ ನೀರಿನಲ್ಲಿ ಇದ್ದದ್ದೂ ಲೆಕ್ಕದಲ್ಲಿ 4 ಪಟ್ಟಾಗುತ್ತದೆ. ರಾತ್ರಿ ಒಂದು ಬೀಕರ್ ಶುದ್ಧ ನೀರು ತೆರೆದಿಟ್ಟು ಬೆಳಿಗ್ಗೆ ಇಂಜೆಕ್ಟ್ ಮಾಡಿದರೆ ಉತ್ತರ ಸಿಗುತ್ತದೆ.

ಇನ್ನೊಂದು, ಫ್ಲೋರೈಡ್‌ನ ಮುಂದೆ ಬರುವ ವಾಟರ್ ಡಿಪ್ (ಸ್ಯಾಂಪಲ್‌ನ ನೀರಿನಿಂದ ಗೆರೆ ಕೆಳಗಿಳಿಯುವುದು) ಕೂಡ ಬೇಸ್‌ಲೈನ್ ಎಳೆದು ಲೆಕ್ಕ ಕೆಡಿಸುತ್ತದೆ. 100 ಪಟ್ಟು ಗಾಢ ಎಲುಯೆಂಟ್ ಮಾಡಿಟ್ಟುಕೊಂಡು, ಪ್ರತಿ 100 ಮಿ.ಲೀ. ಸ್ಯಾಂಪಲ್‌ಗೂ ಸ್ಟ್ಯಾಂಡರ್ಡ್‌ಗೂ 1 ಮಿ.ಲೀ. ಸೇರಿಸಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 300.0 ವಿಧಾನದಲ್ಲೇ ಈ ಸಲಹೆ ಇದೆ. ಡಿಪ್ ಬಹುತೇಕ ಹೋಗುತ್ತದೆ.

ಈಗ ಗುಡ್ಡದ ವಿಷಯ. ನೈಟ್ರೈಲ್ ಗ್ಲೌಸ್ ನೈಟ್ರೇಟ್ ಬಿಡುತ್ತದೆ, ಸಿರಿಂಜ್ ಫಿಲ್ಟರ್ ತೊಳೆಯದೆ ಬಳಸಿದರೆ ಕ್ಲೋರೈಡ್, ಸಲ್ಫೇಟ್ ಬರುತ್ತವೆ, ಬೆರಳಿನಿಂದ ಕ್ಲೋರೈಡ್ ಬರುತ್ತದೆ. ಆದರೆ ಇವ್ಯಾವೂ ಜಾಗ ಬದಲಿಸುವುದಿಲ್ಲ. ಯಾವ ಇಂಜೆಕ್ಷನ್ ಆದ ಮೇಲೆ ಬರುತ್ತದೆ, ಯಾವುದಾದ ಮೇಲೆ ಬರುವುದಿಲ್ಲ ಅಂತ ಪಟ್ಟಿ ಮಾಡಿದ್ದೀರಾ?


ಬಯಲುಸೀಮೆ ಕೆಮಿಸ್ಟ್

ಸರ್, ತುಂಬಾ ಧನ್ಯವಾದ. ಸೀಲೆಂಟ್ ಹೌದು! ಎಸಿ ಪೈಪ್ ಹೊರಗೆ ಹೋಗುವ ಜಾಗದಲ್ಲಿ ಹೊಸದಾಗಿ ಹಾಕಿಸಿದ್ದಾರೆ. ಡೈಲ್ಯೂಶನ್ ನೀರಿನ ಕ್ಯಾನ್ ಅದರ ಕೆಳಗೇ ಇದೆ. ಇವತ್ತೇ ಬೀಕರ್ ಇಡುತ್ತೇನೆ.

ನೀವು ಕೇಳಿದ ಪಟ್ಟಿಯನ್ನು ಹಳೆಯ ಕ್ರೊಮ್ಯಾಟೋಗ್ರಾಂ ತೆಗೆದು ಮಾಡಿದೆ. ಸ್ಟ್ಯಾಂಡರ್ಡ್ ಆದ ಮೇಲೆ ಹಾಕಿದ ಬ್ಲ್ಯಾಂಕ್ ಚೊಕ್ಕ. ಬ್ಲ್ಯಾಂಕ್ ಆದ ಮೇಲಿನ ಬ್ಲ್ಯಾಂಕ್ ಚೊಕ್ಕ. ಕೊಳವೆಬಾವಿ ನೀರಾದ ಮೇಲೆ ಹಾಕಿದ್ದೂ ಚೊಕ್ಕ. ಗುಡ್ಡ ಎದ್ದಿರುವ ಕಡೆಯೆಲ್ಲ ಅದಕ್ಕೂ ಹಿಂದೆ ಹಾಕಿದ್ದು ನಲ್ಲಿಯ ನೀರು. ಹಾಗೆಂದು ಎಲ್ಲ ನಲ್ಲಿ ನೀರಾದ ಮೇಲೂ ಬಂದಿಲ್ಲ, ಕೆಲವು ಮಾತ್ರ. 38 ಮತ್ತು 49 ಕೊಟ್ಟ ಕೊಳವೆಬಾವಿ ಸ್ಯಾಂಪಲ್ ನೋಡಿದರೆ, 49 ಬಂದ ಸಲ ಅದಕ್ಕೂ ಮುಂಚೆ ಹಾಕಿದ್ದು ಒಂದು ನಲ್ಲಿ ನೀರು.


ಜುಬೈಲ್ ಕನ್ನಡಿಗ

ಅದು ಬ್ರೋಮೈಡ್ ಅಲ್ಲವೇ ಅಲ್ಲ ಮಾರಾಯ್ರೇ. ನಾನು ಇಲ್ಲಿ ಸೌದಿಯ ಜುಬೈಲ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ದಿನಾ ಬ್ರೋಮೈಡ್ ಅಳೆಯುವವ, ಅದಕ್ಕೆ ಧೈರ್ಯದಿಂದ ಹೇಳುತ್ತಿದ್ದೇನೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ ಕ್ಲೋರೈಡ್ ಇದ್ದರೆ ಬ್ರೋಮೈಡ್ ಇರುವುದು 65ರ ಹತ್ತಿರ. ಅಂದರೆ ಕ್ಲೋರೈಡ್‌ನ ಮುನ್ನೂರರಲ್ಲಿ ಒಂದು ಪಾಲು. ಇಲ್ಲಿಯ ಕೊಲ್ಲಿಯ ನೀರು ಅದಕ್ಕಿಂತ ಉಪ್ಪು, ಆದರೂ ಪಾಲು ಹೆಚ್ಚುಕಡಿಮೆ ಅದೇ. ನೆಲದಡಿಯ ನೀರಿನಲ್ಲಿ ಪಾಲು ಅತ್ತಿತ್ತ ಆಗುತ್ತದೆ. ಅದರಲ್ಲೂ ಚರಂಡಿ ನೀರು, ಅಡುಗೆ ಉಪ್ಪು ಸೇರಿದ ಕಡೆ ಕ್ಲೋರೈಡ್ ಏರುತ್ತದೆ, ಬ್ರೋಮೈಡ್ ಅಷ್ಟು ಏರುವುದಿಲ್ಲ. ನಿಮ್ಮ 140 ಕ್ಲೋರೈಡ್‌ಗೆ ಬ್ರೋಮೈಡ್ ಅರ್ಧ ಮಿ.ಗ್ರಾಂ ಇದ್ದರೆ ನಂಬಬಹುದು. 15 ಅಂದರೆ ಸಮುದ್ರವೇ ನಾಚಬೇಕು.

ಐಸಿ ಕಾಲಂಗೆ ಸಮಯ ಮಾತ್ರ ಗೊತ್ತು, ಹೆಸರು ನಾವು ಕೊಡುವುದು. ಸಾಫ್ಟ್‌ವೇರಿನ ವಿಂಡೋ ಒಳಗೆ ಬಂದದ್ದಕ್ಕೆಲ್ಲ ಅದು ಬ್ರೋಮೈಡ್ ಅಂತ ಚೀಟಿ ಅಂಟಿಸುತ್ತದೆ. ಎಲ್ಲ ರಿಪೋರ್ಟಿನಲ್ಲೂ ಈ ಪಾಲನ್ನು ಒಮ್ಮೆ ಭಾಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಅರ್ಧ ನಿಮಿಷದ ಕೆಲಸ.


ನಿವೃತ್ತ ಕಾಲಂವಾಲಾ

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೀವು ಅದನ್ನು ಪೀಕ್ ಎನ್ನದೆ ಗುಡ್ಡ ಎಂದಿರಿ. ಅದರ ಅಗಲ ನೋಡಿಯೇ ನಿಮ್ಮ ಕಣ್ಣು ಹಾಗೆ ಹೇಳಿದೆ. ಆ ಅಗಲವನ್ನು ಅಳೆಯಿರಿ.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ತಂಡ ನೋಡಿದ್ದೀರಲ್ಲ. ಹೊರಡುವಾಗ ಒಟ್ಟಿಗೇ ಹೊರಡುತ್ತಾರೆ. ನೆಲಮಂಗಲ ದಾಟುವಾಗ ಇನ್ನೂ ಗುಂಪಾಗಿಯೇ ಇರುತ್ತಾರೆ. ಚಾರ್ಮಾಡಿ ಇಳಿಯುವ ಹೊತ್ತಿಗೆ ಮುಂದಿನವರಿಗೂ ಹಿಂದಿನವರಿಗೂ ಮೈಲುಗಟ್ಟಲೆ ಅಂತರ. ಕಾಲಂ ಒಳಗೆ ಅಯಾನುಗಳದ್ದೂ ಅದೇ ನಡೆ. ಒಂದೇ ಸಾಂದ್ರತೆಯ ಎಲುಯೆಂಟ್ ಓಡುವಾಗ, ಹೆಚ್ಚು ಹೊತ್ತು ಒಳಗಿದ್ದ ಪೀಕ್ ಹೆಚ್ಚು ಅಗಲವಾಗಿ ಹೊರಬರುತ್ತದೆ. ಪೀಕಿನ ಅಗಲವೇ ಅದರ ವಯಸ್ಸು.

ಪ್ಲೇಟ್ ಸಂಖ್ಯೆಯ (ಕಾಲಂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ) ಸೂತ್ರ ನಿಮಗೆ ಗೊತ್ತಿದೆ. ಬಂದ ಸಮಯವನ್ನು ಅರ್ಧ ಎತ್ತರದ ಅಗಲದಿಂದ ಭಾಗಿಸಿ, ವರ್ಗ ಮಾಡಿ, 5.54ರಿಂದ ಗುಣಿಸುವುದು. ಒಂದೇ ಕಾಲಂನಲ್ಲಿ ಈ ಸಂಖ್ಯೆ ಅಯಾನಿನಿಂದ ಅಯಾನಿಗೆ ಸ್ವಲ್ಪ ಬದಲಾದರೂ ಅಂದಾಜಿಗೆ ಸಾಕು. ಹಾಗಾಗಿ ಸೂತ್ರವನ್ನೇ ಮರೆತು ಬರೀ ಸಮಯಕ್ಕೂ ಅಗಲಕ್ಕೂ ಇರುವ ಅನುಪಾತ ಹಿಡಿಯಿರಿ. ಸಲ್ಫೇಟ್ ಪೀಕಿನ ಅರ್ಧ ಎತ್ತರದ ಅಗಲ ಎಷ್ಟು? ಗುಡ್ಡದ್ದು ಎಷ್ಟು? 8.6ಕ್ಕೆ ನ್ಯಾಯವಾಗಿ ಬಂದ ಪೀಕ್ ಆಗಿದ್ದರೆ ಅದು ನೈಟ್ರೇಟ್‌ಗಿಂತ ಸಪೂರ ಇರಬೇಕು. ಸಲ್ಫೇಟ್‌ಗಿಂತ ಅಗಲ ಇದ್ದರೆ ಅದು ಈ ಇಂಜೆಕ್ಷನ್‌ದಲ್ಲ, ಹಿಂದಿನದ್ದು. ನಿಮ್ಮ ರನ್ 18 ನಿಮಿಷಕ್ಕೆ ಮುಗಿದಾಗ ಅದು ಇನ್ನೂ ಕಾಲಂ ಒಳಗೇ ಇತ್ತು. ನೀವು ಮುಂದಿನ ಸ್ಯಾಂಪಲ್ ಹಾಕಿದಿರಿ, ಅದು ತನ್ನ ಹೊತ್ತಿಗೆ ಹೊರಬಂತು.

ಜಾಗ ಬದಲಿಸುವುದಕ್ಕೂ ಇದೇ ಕಾರಣ. ಕೈಯಲ್ಲಿ ಇಂಜೆಕ್ಟ್ ಮಾಡುವಾಗ ಒಂದರಿಂದ ಇನ್ನೊಂದಕ್ಕೆ ಒಮ್ಮೆ 19 ನಿಮಿಷ ಆಗುತ್ತದೆ, ಒಮ್ಮೆ 20 ಆಗುತ್ತದೆ. ಗುಡ್ಡ ತನ್ನ ನಿಜವಾದ ಇಂಜೆಕ್ಷನ್‌ನಿಂದ ಲೆಕ್ಕ ಹಾಕಿಕೊಂಡು ಬರುತ್ತದೆ, ನಿಮ್ಮ ಸಾಫ್ಟ್‌ವೇರ್ ಹೊಸ ಇಂಜೆಕ್ಷನ್‌ನಿಂದ ಲೆಕ್ಕ ಹಾಕುತ್ತದೆ. ಆಟೋಸ್ಯಾಂಪ್ಲರ್ ಇರುವ ಲ್ಯಾಬಿನಲ್ಲಿ ಇದೇ ಗುಡ್ಡ ದಿನಾ ಒಂದೇ ಜಾಗದಲ್ಲಿ ಕೂತು, ಎಲ್ಲರನ್ನೂ ನಂಬಿಸಿ, ವರ್ಷಗಟ್ಟಲೆ ಬ್ರೋಮೈಡ್ ಎಂದೇ ರಿಪೋರ್ಟ್ ಆಗಿಬಿಡಬಹುದಿತ್ತು. ನಿಮಗೆ ಆಟೋಸ್ಯಾಂಪ್ಲರ್ ಇಲ್ಲದ್ದು ಈ ಒಂದು ವಿಷಯದಲ್ಲಿ ಒಳ್ಳೆಯದೇ ಆಯಿತು.

ಮಾಡಬೇಕಾದದ್ದು: ಇಂಜೆಕ್ಷನ್ ಹೊತ್ತು ಫೈಲಿನಲ್ಲಿ ದಾಖಲಾಗಿರುತ್ತದೆ, ಎರಡರ ಅಂತರ ತೆಗೆಯಿರಿ. ಗುಡ್ಡ ಬಂದ ಸಮಯಕ್ಕೆ ಅದನ್ನು ಕೂಡಿಸಿ. ಅಗಲದಿಂದ ಬಂದ ಅಂದಾಜಿಗೆ ಅದು ತಾಳೆಯಾಗಬೇಕು. ಆಮೇಲೆ ಅನುಮಾನದ ನಲ್ಲಿ ನೀರನ್ನು ಹಾಕಿ ರನ್ 45 ನಿಮಿಷಕ್ಕೆ ಇಡಿ. ಕಾಫಿ ಕುಡಿದು ಬನ್ನಿ.


ಬಯಲುಸೀಮೆ ಕೆಮಿಸ್ಟ್

ಸರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ಅಕ್ಷರಶಃ ಹಾಗೇ ಆಯಿತು.

ಸಲ್ಫೇಟ್ 15.8ಕ್ಕೆ, ಅರ್ಧ ಎತ್ತರದ ಅಗಲ 0.44 ನಿಮಿಷ. ಅನುಪಾತ 35.9. ಗುಡ್ಡದ ಅಗಲ 0.80. ಗುಣಿಸಿದರೆ 28.7 ನಿಮಿಷ. ಸ್ಟ್ಯಾಂಡರ್ಡ್‌ನ ನಿಜವಾದ ಬ್ರೋಮೈಡ್ ಪೀಕಿನ ಅಗಲ 0.25 ಮಾತ್ರ, ಇದನ್ನು ನೋಡಿದ ಕೂಡಲೇ ಅನುಮಾನ ಉಳಿಯಲಿಲ್ಲ.

ಇಂಜೆಕ್ಷನ್ ಹೊತ್ತು ತೆಗೆದೆ. 8.6 ಬಂದ ದಿನ ಅಂತರ 20 ನಿಮಿಷ, ಕೂಡಿಸಿದರೆ 28.6. 9.5 ಬಂದ ದಿನ ಅಂತರ 19, ಕೂಡಿಸಿದರೆ 28.5. ಒಂದು ಮಾತು ಇಲ್ಲಿ ಹೇಳಬೇಕು: ಮೊದಲು ನಾನು ರನ್ ಟೈಮ್ 18 ಎಂದೇ ಕೂಡಿಸಲು ಹೊರಟಿದ್ದೆ, ಆಗ ತಾಳೆಯಾಗುವುದಿಲ್ಲ. ರನ್ ಮುಗಿದು ಸಿರಿಂಜ್ ತೊಳೆದು ಲೂಪ್ ತುಂಬಿಸುವ ಒಂದೆರಡು ನಿಮಿಷವೂ ಸೇರಬೇಕು, ಪಂಪ್ ಓಡುತ್ತಲೇ ಇರುತ್ತದಲ್ಲ. ಇದೇ ತೊಂದರೆಯಲ್ಲಿರುವವರು ಇದನ್ನು ಗಮನಿಸಿ.

ನಲ್ಲಿ ನೀರನ್ನು 45 ನಿಮಿಷ ಓಡಿಸಿದೆ. ಸಲ್ಫೇಟ್ ಆದ ಮೇಲೆ ಗೆರೆ ಮಲಗಿತು. 28.6ಕ್ಕೆ ಗುಡ್ಡ ಎದ್ದಿತು. ಆಮೇಲೆ ಹಾಕಿದ ಬ್ಲ್ಯಾಂಕ್ ಪೂರ್ತಿ ಚೊಕ್ಕ. ತಡೆಹಿಡಿದಿದ್ದ ಕೊಳವೆಬಾವಿ ನೀರನ್ನು ಚೊಕ್ಕ ಬ್ಲ್ಯಾಂಕ್ ಆದ ಮೇಲೆ ಮತ್ತೆ ಮತ್ತೆ ಹಾಕಿದೆ, ನೈಟ್ರೇಟ್ 38ರಲ್ಲೇ ನಿಂತಿತು. ಆ ಊರಿನ ರಿಪೋರ್ಟ್ ಇವತ್ತು ಹೋಯಿತು.

ಆದರೆ ಅದು ಯಾವುದು? ಸಲ್ಫೇಟ್‌ಗಿಂತಲೂ ಅಷ್ಟು ತಡವಾಗಿ ಬರುವ ಅಯಾನು ನಲ್ಲಿ ನೀರಿನಲ್ಲಿ ಏನಿರುತ್ತದೆ? ಆ ನಲ್ಲಿಗೆ ನೀರು ಕೊಡುವ ಕೊಳವೆಬಾವಿಯಲ್ಲಿ ಅದು ಇಲ್ಲ. ಟ್ಯಾಂಕಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ ಅಷ್ಟೇ. ಪೈಪಿನಿಂದ ಏನಾದರೂ ಬರುತ್ತಿದೆಯೇ ಎಂದು ಹೆದರಿಕೆ.


ನಿವೃತ್ತ ಕಾಲಂವಾಲಾ

ಆಕ್ಸಲೇಟ್ ಅಲ್ಲ, ಅದು ಸಲ್ಫೇಟ್ ಆದ ಸ್ವಲ್ಪ ಹೊತ್ತಿಗೇ ಬಂದುಬಿಡುತ್ತದೆ. ಅಯೊಡೈಡ್, ಥಯೋಸಯನೇಟ್, ಪರ್‌ಕ್ಲೋರೇಟ್, ಥಯೋಸಲ್ಫೇಟ್, ಇವು ತಡವಾಗಿ ಬರುವ ಬಳಗ. ಇವುಗಳಲ್ಲಿ ಯಾವುದೆಂದು ಕೂತಲ್ಲೇ ಹೇಳುವುದು ಸರಿಯಲ್ಲ, ಸ್ಟ್ಯಾಂಡರ್ಡ್ ಹಾಕಿಯೇ ನೋಡಬೇಕು.

ಹುಡುಕಾಟ ಅರ್ಧಕ್ಕೆ ಇಳಿಸುವ ಒಂದು ಪರೀಕ್ಷೆ ಇದೆ. ಎಲುಯೆಂಟ್ ಎರಡು ಪಟ್ಟು ಗಾಢ ಮಾಡಿ ಅದೇ ನೀರು ಹಾಕಿ. ಕಾಲಂನಲ್ಲಿ ತಡೆದು ನಿಂತ ಹೊತ್ತು, ಅಂದರೆ ಬಂದ ಸಮಯದಿಂದ ವಾಟರ್ ಡಿಪ್ ಸಮಯ ಕಳೆದದ್ದು, ಎರಡು ಚಾರ್ಜ್ ಇರುವ ಅಯಾನಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಚಾರ್ಜ್ ಇರುವುದಕ್ಕೆ ಸುಮಾರು 0.7 ಪಟ್ಟಿಗೆ ಮಾತ್ರ ಇಳಿಯುತ್ತದೆ. ನೈಟ್ರೇಟ್, ಸಲ್ಫೇಟ್ ಎರಡೂ ಅದೇ ರನ್ನಿನಲ್ಲಿ ಇರುತ್ತವೆ, ಗುಡ್ಡ ಯಾರ ಜೊತೆ ಓಡುತ್ತದೆ ನೋಡಿ.


ಬ್ಯಾಕ್ಟೀರಿಯಾ ವಿಭಾಗ

ನಾನು ಐಸಿ ಮುಟ್ಟಿದವಳಲ್ಲ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡುವವಳು. ಓದುತ್ತಾ ಒಂದು ಅನುಮಾನ ಬಂತು ಅಕ್ಕಾ. ನಿಮ್ಮ ಆ ನಲ್ಲಿ ನೀರು ಯಾವ ಬಾಟಲಿಯಿಂದ ತೆಗೆದದ್ದು?

ಕ್ಲೋರಿನ್ ಇರುವ ನೀರಿನ ಬ್ಯಾಕ್ಟೀರಿಯಾ ಪರೀಕ್ಷೆಗೆ ನಾವು ಕಳಿಸುವ ಬಾಟಲಿಗೆ ಆಟೋಕ್ಲೇವ್ ಮಾಡುವ ಮುಂಚೆಯೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತೇವೆ. ಇಲ್ಲದಿದ್ದರೆ ದಾರಿಯಲ್ಲಿ ಬರುವಾಗ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ, ಕೆಟ್ಟ ನೀರೂ ಒಳ್ಳೆಯದು ಎಂದು ಬಂದುಬಿಡುತ್ತದೆ. 120 ಮಿ.ಲೀ. ಬಾಟಲಿಗೆ 3 ಶೇಕಡಾ ದ್ರಾವಣ 0.1 ಮಿ.ಲೀ. ಅದು ಲೀಟರಿಗೆ 5 ಮಿ.ಗ್ರಾಂ ಕ್ಲೋರಿನ್‌ವರೆಗೂ ತಡೆಯುತ್ತದೆ. ನಲ್ಲಿಯಲ್ಲಿ ಸಾಮಾನ್ಯವಾಗಿ ಇರುವುದು ಅದರ ಸಣ್ಣ ಪಾಲು, ಹಾಗಾಗಿ ಹಾಕಿದ್ದರಲ್ಲಿ ಬಹುಪಾಲು ಹಾಗೇ ಉಳಿದಿರುತ್ತದೆ.


ಬಯಲುಸೀಮೆ ಕೆಮಿಸ್ಟ್

ತಂಗೀ, ನಿಮ್ಮ ಒಂದು ಪ್ರಶ್ನೆಗೇ ಗುಡ್ಡ ಕರಗಿತು.

ಸ್ಯಾಂಪಲ್ ಜೊತೆ ಬರುವ ಚೀಟಿಗಳನ್ನೂ ಬಾಟಲಿಗಳನ್ನೂ ಹೊಂದಿಸಿ ನೋಡಿದೆ. ನಲ್ಲಿ ನೀರಿಗೆ ಎರಡು ಬಾಟಲಿ ಬರುತ್ತವೆ. ಕೆಮಿಕಲ್ ಪರೀಕ್ಷೆಗೆ ದೊಡ್ಡ ಪ್ಲಾಸ್ಟಿಕ್ ಬಾಟಲಿ, ಬ್ಯಾಕ್ಟೀರಿಯಾಕ್ಕೆ ಬಾಯಿಗೆ ಕಾಗದ ಕಟ್ಟಿದ ಸಣ್ಣ ಗಾಜಿನ ಬಾಟಲಿ. ಗಡಸುತನ, ಕ್ಷಾರತೆ, ಕಬ್ಬಿಣ, ಎಲ್ಲ ಆಗುವಷ್ಟರಲ್ಲಿ ದೊಡ್ಡದು ಕೆಲವೊಮ್ಮೆ ಬರಿದಾಗುತ್ತದೆ. ಐಸಿಗೆ ಬೇಕಾದದ್ದು ಕೆಲವೇ ಮಿ.ಲೀ., ಆ ಹೊತ್ತಿಗೆ ಕೈಗೆ ಸಿಗುವುದು ಸಣ್ಣ ಬಾಟಲಿಯಲ್ಲಿ ಉಳಿದ ನೀರು. ಗುಡ್ಡ ಕೊಟ್ಟ ಸ್ಯಾಂಪಲ್‌ಗಳೆಲ್ಲ ಹೀಗೆ ಸಣ್ಣ ಬಾಟಲಿಯಿಂದ ತೆಗೆದವು. ನಲ್ಲಿ ನೀರಾದರೂ ಗುಡ್ಡ ಕೊಡದವು ದೊಡ್ಡ ಬಾಟಲಿಯವು. ಒಂದೂ ತಪ್ಪಲಿಲ್ಲ.

ಥಯೋಸಲ್ಫೇಟ್ ಸ್ಟ್ಯಾಂಡರ್ಡ್ ಮಾಡಿ ಹಾಕಿದೆ. 28.6. ಅನುಮಾನದ ನೀರಿಗೇ ಸ್ವಲ್ಪ ಸೇರಿಸಿ ಹಾಕಿದಾಗ ಗುಡ್ಡ ಒಡೆದು ಎರಡಾಗಲಿಲ್ಲ, ಅದೇ ಎತ್ತರವಾಯಿತು. ಕಾಲಂವಾಲಾ ಸರ್ ಹೇಳಿದ ಪರೀಕ್ಷೆಯನ್ನೂ ಬಿಡಲಿಲ್ಲ: ಎಲುಯೆಂಟ್ ಗಾಢ ಮಾಡಿದಾಗ ಗುಡ್ಡ ಸಲ್ಫೇಟ್ ಜೊತೆಗೇ ಓಡಿತು, ನೈಟ್ರೇಟ್ ಜೊತೆ ಅಲ್ಲ. ಎರಡು ಚಾರ್ಜ್.

ಲೆಕ್ಕವೂ ಕೂಡಿಬಂತು. 3 ಶೇಕಡಾ ದ್ರಾವಣದ 0.1 ಮಿ.ಲೀ. ಅಂದರೆ 3 ಮಿ.ಗ್ರಾಂ ಉಪ್ಪು, 120 ಮಿ.ಲೀ.ಗೆ ಹಂಚಿದರೆ ಲೀಟರಿಗೆ 25. ನಾವು ಬಳಸುವುದು ಐದು ನೀರಿನ ಕಣ ಇರುವ ಹರಳು, ಅದರಲ್ಲಿ ಥಯೋಸಲ್ಫೇಟ್ ಅಯಾನಿನ ಪಾಲು 45 ಶೇಕಡಾ, ಅಂದರೆ 11 ಮಿ.ಗ್ರಾಂ. ನನಗೆ ಸಿಕ್ಕಿದ್ದು 10ರ ಆಸುಪಾಸು. ಉಳಿದದ್ದನ್ನು ನಲ್ಲಿಯ ಕ್ಲೋರಿನ್ ತಿಂದಿದೆ. ಪೈಪಿನಿಂದ ಏನೂ ಬರುತ್ತಿಲ್ಲ, ಜನ ಕುಡಿಯುವ ನೀರಿನಲ್ಲಿ ಅದು ಇಲ್ಲವೇ ಇಲ್ಲ. ಇದು ಗೊತ್ತಾದಾಗ ಆದ ನೆಮ್ಮದಿ ದೊಡ್ಡದು.

ಸೀಲೆಂಟ್ ವಿಷಯ: ಎಸಿ ಕೆಳಗೆ ಇಟ್ಟ ಬೀಕರ್‌ನಲ್ಲಿ ಫ್ಲೋರೈಡ್ ಬೆನ್ನಿಗೆ ಬರುವ ಜಾಗದಲ್ಲೇ ಪೀಕ್ ಬಂತು, ಇನ್ನೊಂದು ಕೋಣೆಯಲ್ಲಿಟ್ಟ ಬೀಕರ್‌ನಲ್ಲಿ ಇಲ್ಲ. ಈಗ ಡೈಲ್ಯೂಶನ್ ನೀರನ್ನು ಆಗಾಗ ಹೊಸದಾಗಿ ಹಿಡಿದು ಮುಚ್ಚಿಡುತ್ತಿದ್ದೇವೆ, ಗಾಢ ಎಲುಯೆಂಟ್ ಸೇರಿಸುವುದನ್ನೂ ಶುರು ಮಾಡಿದ್ದೇವೆ. 1.8 ಎಂದಿದ್ದ ನೀರು ಈಗ ಐಸಿಯಲ್ಲಿ 1.5, ಎಲೆಕ್ಟ್ರೋಡ್‌ನಲ್ಲಿ 1.4. ಮಿತಿಯೇ 1.5 ಆಗಿರುವಾಗ ಈ 0.1 ಕೂಡ ನನಗೆ ಸಣ್ಣದಲ್ಲ, ಅದನ್ನು ಇನ್ನೂ ಬೆನ್ನಟ್ಟುತ್ತೇನೆ.


ನಿವೃತ್ತ ಕಾಲಂವಾಲಾ

ಬಹಳ ಸಂತೋಷ ಮೇಡಂ. ಎರಡು ವಿಷಯ ಉಳಿದಿವೆ.

ಸಣ್ಣ ಬಾಟಲಿ ಐಸಿ ಮೇಜಿಗೆ ಬರದ ಹಾಗೆ ಮಾಡುವುದು ಮೊದಲನೆಯದು. ದೊಡ್ಡ ಬಾಟಲಿ ತೆರೆದ ತಕ್ಷಣ, ಬೇರೆ ಯಾವ ಪರೀಕ್ಷೆಗೂ ಮುಂಚೆ, ಐಸಿಯ ಪಾಲನ್ನು ತೆಗೆದು ಹೆಸರು ಬರೆದು ಫ್ರಿಜ್‌ನಲ್ಲಿಡಿ. ಫ್ಲೋರೈಡ್ ಇರುವುದರಿಂದ ಪ್ಲಾಸ್ಟಿಕ್ ಸೀಸೆಯೇ ಇರಲಿ.

ಎರಡನೆಯದು ಹಳೆಯ ರಿಪೋರ್ಟುಗಳು. ಹಿಂದೆ ಹಾಕಿದ್ದು ನಲ್ಲಿಯ ನೀರಾಗಿದ್ದು, ನೈಟ್ರೇಟ್ 45ರ ಆಚೆಗೆ ಸ್ವಲ್ಪದರಲ್ಲಿ ದಾಟಿದ ಸ್ಯಾಂಪಲ್‌ಗಳನ್ನು ಫೈಲಿನಿಂದ ಹೆಕ್ಕಿ. ಪ್ರತಿಯೊಂದರಲ್ಲೂ ನೈಟ್ರೇಟ್ ಪೀಕಿನ ಅಗಲ ಓದಿ. ನಿಮ್ಮ ಅನುಪಾತದ ಪ್ರಕಾರ 10.0 ನಿಮಿಷಕ್ಕೆ 0.28 ಇರಬೇಕು. ಅದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದ್ದ ಊರುಗಳಿಂದ ಮತ್ತೊಮ್ಮೆ ನೀರು ತರಿಸಿ. ಇಂಜೆಕ್ಷನ್‌ಗಳ ಅಂತರ 19ಕ್ಕಿಂತ ಕಡಿಮೆ ಇದ್ದ ದಿನಗಳನ್ನು ಮೊದಲು ನೋಡಿ, ಗುಡ್ಡ ನೈಟ್ರೇಟ್‌ನ ಅಡಿಯಲ್ಲಿ ಪೂರ್ತಿ ಅಡಗಿರುವುದು ಆ ದಿನಗಳಲ್ಲೇ.


ಬಯಲುಸೀಮೆ ಕೆಮಿಸ್ಟ್

ಆಗಲಿ ಸರ್, ಫೈಲು ತೆಗೆದು ಕೂತಿದ್ದೇನೆ. ಮಧುಗಿರಿ ಕಡೆಯ ಎರಡು ಊರುಗಳಲ್ಲಿ ನೈಟ್ರೇಟ್ ಪೀಕಿನ ಅಗಲ ಹೆಚ್ಚು ಕಾಣುತ್ತಿದೆ. ಎರಡಕ್ಕೂ ನಾಳೆ ದೊಡ್ಡ ಬಾಟಲಿ ಕಳಿಸುತ್ತಿದ್ದೇನೆ.